ತಮ್ಮ ಉತ್ತರಕ್ಕೆ ಮಕ್ಕಳೇ ಅಂಕ ಹಾಕಲು ಕಲಿಸುವುದು

‘ಕೊಡಗಿನ ಮಳೆಗಾಲ’ ಪ್ರಬಂಧ ಕೊಟ್ಟಿದ್ದೀರಿ ಎನ್ನಿ. 5 ಅಂಕವನ್ನು ಮೊದಲೇ ಹಲಗೆಯ ಮೇಲೆ ಒಡೆದು ಬರೆಯಿರಿ: ವಿಷಯಕ್ಕೆ 2, ಜೋಡಣೆ, ಭಾಷೆ, ಕಾಗುಣಿತಕ್ಕೆ ತಲಾ 1. ಅಷ್ಟಕ್ಕೇ ಬಿಟ್ಟರೆ ‘ವಿಷಯ’ ಎಂದರೇನೆಂದು ಮಕ್ಕಳಿಗೆ ತಿಳಿಯದು. ಎರಡು ಮಾದರಿ ತೋರಿಸಿ. ‘ಕೊಡಗಿನಲ್ಲಿ ತುಂಬ ಮಳೆ’ ಎಂದಷ್ಟೇ ಬರೆದರೆ ಅರ್ಧ ಅಂಕ. ‘ಮುಂಗಾರು ಹಿಡಿದ ಮೇಲೆ ಗದ್ದೆ ನಾಟಿ, ಮಳೆ ಅತಿಯಾದರೆ ಕಾಫಿ ಕಾಯಿ ಉದುರುತ್ತದೆ’ ಎಂದು ವಿವರಿಸಿದರೆ 2. ಏಕೆಂದು ಮಕ್ಕಳ ಬಾಯಲ್ಲೇ ಹೇಳಿಸಿ. ಈ ಹತ್ತು ನಿಮಿಷ ಬಹಳ ಮುಖ್ಯ.

ಪ್ರತಿ ಅಂಕಕ್ಕೂ ಆಧಾರವಾದ ಸಾಲಿಗೆ ಪೆನ್ಸಿಲ್ ಗೆರೆ ಎಳೆಸಿ. ಗೆರೆಯಿಲ್ಲದಿದ್ದರೆ ಅಂಜುವ ಮಗು ಕಡಿಮೆ, ಧೈರ್ಯದ ಮಗು ಹೆಚ್ಚು ಹಾಕಿಕೊಳ್ಳುತ್ತದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಆಡುವ ಮಕ್ಕಳು ಕಾಗುಣಿತಕ್ಕೆ ಹೆದರಿ ವಿಷಯದ ಅಂಕವನ್ನೂ ಕಳೆದುಕೊಳ್ಳಬಹುದು. ಎರಡನ್ನೂ ಬೇರೆಬೇರೆಯಾಗಿ ನೋಡಿಸಿ.

ನಿಮ್ಮ ಅಂಕ ಬೇರೆ ಬಂದರೆ ಒಂದು ಸಾಲು ಹಿಡಿದು ಮಾತಾಡಿ, ತಿದ್ದಿ ಬರೆಸಿ. ಈ ಅಂಕ ದಾಖಲೆಗೆ ಹೋಗದಿರಲಿ. ಹೋದರೆ ಮಕ್ಕಳು ನಿಜ ಹೇಳುವುದಿಲ್ಲ.