ಕೇಬಲ್ಲೋ ಡಿಶ್ಶೋ? ಮೊದಲು ತಾರಸಿ ಹತ್ತಿ ನೋಡಿ

ಮನೆ ಬದಲಿಸಿದವರು ಟಿವಿ ಸಂಪರ್ಕ ತಗೊಳ್ಳುವ ಕ್ರಮವೇ ತಲೆಕೆಳಗು. ಮೊದಲು ಆಫರ್ ನೋಡುತ್ತಾರೆ, ಆರು ತಿಂಗಳ ದುಡ್ಡು ಕಟ್ಟುತ್ತಾರೆ, ಡಿಶ್ ಎಲ್ಲಿಡೋದು ಅಂತ ಆಮೇಲೆ ಯೋಚಿಸುತ್ತಾರೆ. ಅಷ್ಟೊತ್ತಿಗೆ ಪಕ್ಕದ ಮನೆಯ ಮೂರನೇ ಮಹಡಿ ಅಡ್ಡ ಬಂದಿರುತ್ತದೆ. ಇಲ್ಲವೇ ಮಾಲೀಕರು ತಾರಸಿ ಬೀಗದ ಕೈ ಕೊಡಲ್ಲ ಅಂದಿರುತ್ತಾರೆ. ಮೈಸೂರಿನ ಕುವೆಂಪುನಗರದಲ್ಲಿ, ಸರಸ್ವತಿಪುರಂನಲ್ಲಿ ಇದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ದುಡ್ಡಿನ ಲೆಕ್ಕ

ಇದನ್ನು ಬೇಗ ಮುಗಿಸಿ. ಟಿವಿ ಸೇವೆಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ಹೊಸ ನಿಯಮ 2019ರಲ್ಲಿ ಬಂದ ಮೇಲೆ ಪೇ ಚಾನೆಲ್‌ನ ಗರಿಷ್ಠ ದರವನ್ನು ಚಾನೆಲ್‌ನವರೇ ಗೊತ್ತುಮಾಡುತ್ತಾರೆ. ಕೇಬಲ್ಲಿಗೂ ಡಿಟಿಎಚ್‌ಗೂ, ಅಂದರೆ ಮನೆ ಡಿಶ್‌ನ ಸಂಪರ್ಕಕ್ಕೂ, ಅದೇ ಗರಿಷ್ಠ ದರ. ಮುಖ್ಯ ವ್ಯತ್ಯಾಸ ಇರುವುದು ನೆಟ್‌ವರ್ಕ್ ಶುಲ್ಕದಲ್ಲಿ, ಅಂದರೆ ಚಾನೆಲ್ಲನ್ನು ಮನೆಗೆ ತಲುಪಿಸಲು ಅವರು ತಗೊಳ್ಳುವ ದುಡ್ಡಿನಲ್ಲಿ. ಅದಕ್ಕೆ ತಿಂಗಳಿಗೆ 130 ರೂಪಾಯಿ, ಮೇಲೆ ಜಿಎಸ್‌ಟಿ ಅನ್ನುವ ಮಿತಿ ಇತ್ತು. 2024ರಲ್ಲಿ ಆ ಮಿತಿ ತೆಗೆದರು. ಹಾಗಾಗಿ ಇಬ್ಬರ ಹತ್ತಿರವೂ ಆ ಶುಲ್ಕ ಎಷ್ಟು ಅಂತ ಬಿಡಿಸಿ ಕೇಳಿ.

ಹೆಜ್ಜೆ 2: ಆಗ್ನೇಯ ದಿಕ್ಕಿನ ಆಕಾಶ

ಜನ ಎಡವುವುದು ಇಲ್ಲೇ. ಟಿವಿ ಉಪಗ್ರಹಗಳು ಸಮಭಾಜಕದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಮೈಸೂರು, ಮಂಡ್ಯದಿಂದ ನೋಡಿದರೆ ನಮ್ಮ ಡಿಟಿಎಚ್ ಉಪಗ್ರಹಗಳೆಲ್ಲ ಪೂರ್ವಕ್ಕೂ ದಕ್ಷಿಣಕ್ಕೂ ನಡುವೆ ಸಿಗುತ್ತವೆ. ಆದರೆ ಒಂದೇ ಜಾಗದಲ್ಲಲ್ಲ. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ರೇಖಾಂಶದಲ್ಲಿದೆ. ಅದು ದಕ್ಷಿಣಕ್ಕೆ ಜಾಸ್ತಿ ಸರಿದು, ಬಹುತೇಕ ನೆತ್ತಿಯ ಹತ್ತಿರ ಇರುತ್ತದೆ. ದೂರದರ್ಶನದ ಉಚಿತ ಸೇವೆ ಡಿಡಿ ಫ್ರೀ ಡಿಶ್‌ನದು 93.5 ಡಿಗ್ರಿ, ಹೆಚ್ಚುಕಡಿಮೆ ಆಗ್ನೇಯಕ್ಕೆ. ಏರ್‌ಟೆಲ್‌ನದು 108.2 ಡಿಗ್ರಿ. ಅದು ಪೂರ್ವಕ್ಕೆ ಸರಿದು, ಮೂರರಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿದೆ.

ಇದರಿಂದ ನಿಮಗೇನಾಗಬೇಕು? ಡಿಶ್‌ನಿಂದ 10 ಅಡಿ ದೂರದಲ್ಲಿ ಒಂದು ಗೋಡೆ ಇದೆ ಅಂದುಕೊಳ್ಳಿ. ಅದು ಡಿಶ್‌ಗಿಂತ 18 ಅಡಿ ಎತ್ತರ ಇದ್ದರೂ ಫ್ರೀ ಡಿಶ್ ಸಿಗುತ್ತದೆ. ಏರ್‌ಟೆಲ್‌ಗೆ ಅದರ ದಿಕ್ಕಿನಲ್ಲಿ 13 ಅಡಿ ಗೋಡೆಯೇ ಅಡ್ಡ. ಅಂದರೆ ಒಂದು ಕಂಪನಿಯವರು "ಇಲ್ಲಿ ಆಗಲ್ಲ" ಅಂದ ತಾರಸಿಯಲ್ಲೇ ಇನ್ನೊಂದು ಕಂಪನಿಯ ಡಿಶ್ ಆರಾಮಾಗಿ ಓಡಬಹುದು. ಫೋನಿನ ದಿಕ್ಸೂಚಿ ಹಿಡಿದು ನಿಂತು ಒಮ್ಮೆ ನೋಡಿ.

ಡಿಶ್ ಸ್ವಲ್ಪವೇ ಮೇಲಕ್ಕೆ ವಾಲಿದಂತೆ ಕಾಣುತ್ತದಲ್ಲ, ಅದು ಎದುರಿನ ಗೋಡೆ ನೋಡುತ್ತಿದೆ ಅಂದುಕೊಳ್ಳಬೇಡಿ. ಅದರ ಆಕಾರವೇ ಹಾಗೆ. ಮುಖ ತೋರಿಸುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಮೇಲಕ್ಕೆ ಅದರ ನೋಟ ಇರುತ್ತದೆ.

ಮಂಡ್ಯ ಕಡೆ ತೆಂಗಿನ ಮರದ ವಿಷಯ ಬೇರೆ. ಗರಿ ಗಾಳಿಗೆ ತೂಗಿದಾಗಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಜನ ಬಾಕ್ಸ್ ಕೆಟ್ಟಿದೆ ಅಂತ ಬದಲಾಯಿಸುತ್ತಾರೆ. ಈಗ ಚಿಕ್ಕದಿರುವ ಸಸಿ ನಾಲ್ಕು ವರ್ಷದ ಮೇಲೆ ಎಲ್ಲಿಗೆ ಬರುತ್ತದೆ ಅಂತಲೂ ಲೆಕ್ಕ ಹಾಕಿ.

ಹೆಜ್ಜೆ 3: ಡಿಶ್ ಕೂರಿಸುವಾಗ ಪಕ್ಕದಲ್ಲೇ ನಿಲ್ಲಿ

ಇಟ್ಟಿಗೆಯ ಪ್ಯಾರಾಪೆಟ್‌ಗೆ ಬೋಲ್ಟ್ ಹೊಡೆಯಲು ಬಿಡಬೇಡಿ. ಕಾಂಕ್ರೀಟ್‌ಗೇ ಹೊಡೆಸಿ. ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳಲ್ಲಿ ಕೋತಿ ಜೋತುಬಿದ್ದರೂ ಅಲುಗದಷ್ಟು ಗಟ್ಟಿ ಇರಬೇಕು. ಕಂಬ ಸೊಟ್ಟ ಇದ್ದರೆ ಮುಂದೆ ಯಾವ ಅಳತೆಯೂ ಸರಿಬರುವುದಿಲ್ಲ.

ಆಮೇಲೆ ವೈರಿನ ತುದಿ. ಕಪ್ಪು ಹೊದಿಕೆ ಸುಲಿದಾಗ ಒಳಗೆ ಕೂದಲಿನಂಥ ತಂತಿಗಳ ಜಾಲರಿ, ಅದರೊಳಗೆ ಬಿಳಿ ಪದರ, ನಡುವೆ ತಾಮ್ರ ಕಾಣುತ್ತದೆ. ಜಾಲರಿಯ ಒಂದೇ ಒಂದು ಎಳೆ ನಡುವಿನ ತಾಮ್ರಕ್ಕೆ ತಾಗಿದರೂ ಶಾರ್ಟ್. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ ಎಲ್‌ಎನ್‌ಬಿಗೆ ಬಾಕ್ಸ್‌ನಿಂದ ಕರೆಂಟ್ ಹೋಗುವುದೂ ಇದೇ ವೈರಿನಲ್ಲಿ. ಎಳೆಗಳನ್ನು ಹಿಂದಕ್ಕೆ ಮಡಚಿ ಕನೆಕ್ಟರ್ ಹಾಕಿಸಿ, ಮೇಲೆ ರಬ್ಬರ್ ಟೋಪಿ ಹಾಕಿಸಿ. ವೈರನ್ನು ಕಿಟಕಿಯೊಳಗೆ ತರುವ ಮುನ್ನ ಒಂದು ಬಳಸು ಕೆಳಗೆ ಇಳಿಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಮನೆಯೊಳಗೆ ಬರುವುದಿಲ್ಲ.

ಕೊನೆಗೆ ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ನೋಡಿ. ಸ್ಟ್ರೆಂತ್ ಪಟ್ಟಿ ತುಂಬಿದೆ ಅಂತ ತೋರಿಸಿ ಇಳಿದುಹೋಗುತ್ತಾರೆ. ನಿಮಗೆ ಬೇಕಾದ್ದು ಕ್ವಾಲಿಟಿ ಪಟ್ಟಿ. ಅದು ಇನ್ನು ಏರುವುದಿಲ್ಲ ಅನ್ನುವವರೆಗೆ ಡಿಶ್ ಅನ್ನು ಕೂದಲೆಳೆಯಷ್ಟು ಸರಿಸಿ ನೋಡಿಸಿ. ಡಿಟಿಎಚ್ ಸಿಗ್ನಲ್ ಸುಮಾರು 11-12 ಗಿಗಾಹರ್ಟ್ಸ್‌ನಷ್ಟು ಹೆಚ್ಚಿನ ಫ್ರೀಕ್ವೆನ್ಸಿಯದು, ಜೋರು ಮಳೆಯ ಹನಿಗಳು ಅದನ್ನು ಹೀರಿಬಿಡುತ್ತವೆ. ಕ್ವಾಲಿಟಿ ಪೂರ್ತಿ ಇದ್ದರೆ ಮೇ ತಿಂಗಳ ಸಂಜೆ ಮಳೆಗೆ ಸ್ವಲ್ಪ ಹೊತ್ತು ಹೋಗಿ ಬರುತ್ತದೆ. ಅರ್ಧಂಬರ್ಧ ಇದ್ದರೆ ತುಂತುರಿಗೇ ಹೋಗುತ್ತದೆ.

ಎರಡು ಟಿವಿ ಇದ್ದರೆ ಅಂಗಡಿಯಲ್ಲಿ ಸಿಗುವ ಅಗ್ಗದ ಸ್ಪ್ಲಿಟರ್ ಹಾಕಿಸಬೇಡಿ. ಎರಡು ಬಾಕ್ಸ್ ಎಲ್‌ಎನ್‌ಬಿಗೆ ಎರಡು ಥರ ವೋಲ್ಟೇಜ್ ಕಳಿಸಿ ಜಗಳಕ್ಕೆ ಬೀಳುತ್ತವೆ. ಎರಡು ಕಿಂಡಿಯ ಎಲ್‌ಎನ್‌ಬಿ ಕೇಳಿ. ಹಳೇ ಬಾಕ್ಸ್ ಕೊಳ್ಳುವುದೂ ಬೇಡ, ಒಂದು ಡಿಟಿಎಚ್ ಕಂಪನಿಯ ಬಾಕ್ಸ್ ಇನ್ನೊಂದಕ್ಕೆ ನಡೆಯುವುದಿಲ್ಲ.

ಹೆಜ್ಜೆ 4: ಕೇಬಲ್ ಆದರೆ ಪಕ್ಕದ ಮನೆಯಲ್ಲಿ ಕೇಳಿ

ಬಾಡಿಗೆ ಮನೆ, ವಠಾರ, ತಾರಸಿ ನಿಮ್ಮದಲ್ಲ ಅಂದರೆ ಕೇಬಲ್ ತಗೊಳ್ಳಿ, ಎರಡು ಮಾತಿಲ್ಲ. ಮೈಸೂರಿನ ಕೇಬಲ್ 2013ರ ಹೊತ್ತಿಗೇ ಡಿಜಿಟಲ್ ಆಗುವ ಊರುಗಳ ಪಟ್ಟಿಯಲ್ಲಿತ್ತು, ಹಾಗಾಗಿ ಚಿತ್ರದ ವಿಷಯದಲ್ಲಿ ಹಳೇ ಭಯ ಬೇಡ. ಅವರ ಕೇಂದ್ರದಲ್ಲಿರುವ ದೊಡ್ಡ ಡಿಶ್‌ಗಳು ಹೆಚ್ಚಾಗಿ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಚಾನೆಲ್ ಹಿಡಿಯುತ್ತವೆ, ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ. ಊರಿನ ಸುದ್ದಿ ಕೊಡುವ ಲೋಕಲ್ ಚಾನೆಲ್‌ಗಳೂ ಸಿಗುತ್ತವೆ. ದಸರಾ ಸಮಯದಲ್ಲಿ ನಮ್ಮ ಬೀದಿಯ ಹಿರಿಯರಿಗೆ ಅದು ಬೇಕೇ ಬೇಕು.

ತೊಂದರೆ ಕರೆಂಟ್ ಹೋದಾಗ. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೆ ಡಿಟಿಎಚ್ ಓಡುತ್ತದೆ. ಕೇಬಲ್ ಓಡಬೇಕಾದರೆ ದಾರಿಯಲ್ಲಿರುವ ಆಂಪ್ಲಿಫೈಯರ್‌ಗೂ ಕರೆಂಟ್ ಬೇಕು. ಅದಕ್ಕೇ ಬೀದಿಯ ಎರಡು ಮನೆಯಲ್ಲಿ ಕೇಳಿ: ಕರೆಂಟ್ ಹೋದಾಗ ಕೇಬಲ್ ಬರುತ್ತಾ? ಫೋನ್ ಮಾಡಿದರೆ ಹುಡುಗ ಯಾವಾಗ ಬರುತ್ತಾನೆ? ಸಂಜೆಯೊಳಗೆ ಬರುತ್ತಾನೆ ಅಂದರೆ ಧೈರ್ಯವಾಗಿ ಹಾಕಿಸಿ.

ಹಳ್ಳಿ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದು, ಚಂದನ ಸಾಕು ಅನ್ನುವವರಾದರೆ ಫ್ರೀ ಡಿಶ್ ಹಾಕಿಸಿ. ಡಿಶ್, ಬಾಕ್ಸ್‌ಗೆ ಒಂದು ಸಲ ಖರ್ಚು, ತಿಂಗಳ ಬಾಡಿಗೆ ಇಲ್ಲ. ಬಾಕ್ಸ್ ಮಾತ್ರ ಎಂಪೆಗ್-4 ಅನ್ನುವ ಹೊಸ ತಂತ್ರ ಇರುವುದನ್ನೇ ತಗೊಳ್ಳಿ, ಹಳೇ ಥರದ್ದರಲ್ಲಿ ಕೆಲವು ಚಾನೆಲ್ ಬರುವುದಿಲ್ಲ.

ಯಾವುದೇ ಹಾಕಿಸಿ, ಮೊದಲಿಗೆ ಒಂದೇ ತಿಂಗಳ ದುಡ್ಡು ಕಟ್ಟಿ. ಒಂದು ಜೋರು ಮಳೆ, ಒಂದು ಪವರ್‌ಕಟ್ ನೋಡಿದ ಮೇಲೆ ಉಳಿದದ್ದು ಕಟ್ಟಿದರಾಯಿತು.