ಎರೆಮಣ್ಣು ಕಲಿಸಿದ ಪಾಠ, ಸದಸ್ಯತ್ವ ಕೊಟ್ಟ ಉತ್ತರ

ಗದಗ ಕಡೆಯ ಎರೆಮಣ್ಣಿನಲ್ಲಿ ನಾನು ಕಟ್ಟಿಸಿದ ಮೊದಲ ಮನೆ ಎರಡನೇ ಮಳೆಗಾಲಕ್ಕೇ ಬಿರುಕು ಬಿಟ್ಟಿತು. ಕಿಟಕಿ ಮೂಲೆಯಿಂದ ಓರೆಯಾಗಿ ಎದ್ದ ಬಿರುಕು. ಮನೆ ಯಜಮಾನರು ಬೈಯಲಿಲ್ಲ. "ಸಾಹೇಬ್ರ, ಇದು ಇನ್ನೂ ದೊಡ್ಡದಾಗ್ತದೇನ್ರೀ?" ಎಂದಷ್ಟೇ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಸ್ವಂತ ಆಫೀಸು ಇಟ್ಟುಕೊಂಡ ಸಿವಿಲ್ ಎಂಜಿನಿಯರಿಗೆ ಕೇಳಲು ಮೇಲಧಿಕಾರಿಯೂ ಇರುವುದಿಲ್ಲ, ಅಲ್ವಾ?

ಆ ವರ್ಷವೇ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸದಸ್ಯನಾದೆ. 1920ರಲ್ಲಿ ಶುರುವಾದ ಸಂಸ್ಥೆ ಅದು, ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ಸೇರುವಾಗ ಚಾರ್ಟರ್ಡ್ ಎಂಜಿನಿಯರ್, ಅಂದರೆ ಸಂಸ್ಥೆ ಮಾನ್ಯ ಮಾಡಿದ ಎಂಜಿನಿಯರ್, ಎಂಬ ಸೀಲು ಸಿಕ್ಕರೆ ಸಾಕು ಎಂದುಕೊಂಡಿದ್ದೆ. ಕೆಲವು ಸರ್ಟಿಫಿಕೇಟುಗಳಿಗೆ ಅದು ಬೇಕಾಗುತ್ತದೆ, ಉಪಯೋಗವೂ ಆಗಿದೆ.

ಜಾಸ್ತಿ ಸಿಕ್ಕಿದ್ದು ಬೇರೆ. ಒಂದು ಸಂಜೆ ಸಂಸ್ಥೆಯ ಉಪನ್ಯಾಸ ಮುಗಿದು ಚಹಾ ಕುಡಿಯುವಾಗ, ಪಿಡಬ್ಲ್ಯುಡಿಯಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಬಿರುಕಿನ ಫೋಟೊ ತೋರಿಸಿದೆ. ಮಣ್ಣಿನ ತಾಳುವ ಶಕ್ತಿ ನೋಡಿಸಿದ್ದೆ ಎಂದೆ. "ಭಾರ ಹೊರೋದು ಬ್ಯಾರೆ, ಉಬ್ಬೋದು ಬ್ಯಾರೆ, ತಮ್ಮಾ" ಎಂದರು. ಭಾನುವಾರ ಮನೆಗೆ ಕರೆದು ಪರೀಕ್ಷೆ ಮಾಡಿ ತೋರಿಸಿದರು. 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣು ಹತ್ತು ಹತ್ತು ಗ್ರಾಂ, 100 ಮಿ.ಲೀ.ನ ಎರಡು ಅಳತೆ ಜಾಡಿಗಳಲ್ಲಿ. ಒಂದಕ್ಕೆ ಮಣ್ಣನ್ನು ಉಬ್ಬಿಸದ ಸೀಮೆಎಣ್ಣೆ, ಇನ್ನೊಂದಕ್ಕೆ ಡಿಸ್ಟಿಲ್ಡ್ ನೀರು. ಒಂದು ದಿನ ಬಿಟ್ಟು ನೋಡಿದೆವು. ಸೀಮೆಎಣ್ಣೆಯಲ್ಲಿ 10 ಮಿ.ಲೀ., ನೀರಿನಲ್ಲಿ 19. ಅಂದರೆ ಶೇ 90 ಉಬ್ಬು! ಇದನ್ನು ಕಾಲೇಜಿನಲ್ಲೂ ಓದಿದ್ದೆ. ಆದರೆ ನನ್ನದೇ ಸೈಟಿನ ಮಣ್ಣು ಹಾಗೆ ಏರಿ ಕೂತಿದ್ದನ್ನು ಕಂಡಾಗ ಎದೆ ಧಸಕ್ಕೆಂದಿತು.

ಆ ಮನೆಗೆ ಸುತ್ತ ಅಗಲವಾದ ಕಾಂಕ್ರೀಟ್ ಹಾಸು ಹಾಕಿಸಿದೆ. ಬಚ್ಚಲಿನ ಮತ್ತು ಮಾಳಿಗೆಯ ನೀರು ಪಾಯದ ಹತ್ತಿರ ಇಂಗದಂತೆ ದೂರ ಹರಿಸಿದೆ. ಬಿರುಕು ಅಲ್ಲಿಗೇ ನಿಂತಿತು.

ನಂತರದ ಮನೆಗಳಿಗೆ ಅಂಡರ್-ರೀಮ್ಡ್ ಪೈಲ್ ಹಾಕಿದೆ. ನೆಲದೊಳಗೆ ಇಳಿಸುವ, ಕೆಳಗೆ ಗಡ್ಡೆಯಂತೆ ಅಗಲವಾದ ಕಂಬಗಳವು. ಹಿರಿಯರು ಒತ್ತಿ ಹೇಳಿದ್ದು ಆ ಕಂಬಗಳ ತಲೆ ಜೋಡಿಸಿ ಗೋಡೆ ಹೊರುವ ಬೀಮಿನ ಅಡಿಯ ಸಂದಿನ ಬಗ್ಗೆ. ಬೀಮಿಗೂ ನೆಲಕ್ಕೂ ಕನಿಷ್ಠ 80 ಮಿ.ಮೀ. ಜಾಗ ಇರಬೇಕು, ಮಣ್ಣು ಉಬ್ಬಿದರೂ ಬೀಮನ್ನು ಎತ್ತಬಾರದು. ಡ್ರಾಯಿಂಗಿನಲ್ಲಿ ಅದು ಇದ್ದೇ ಇರುತ್ತದೆ. ಸೈಟಿನಲ್ಲಿ ಮಾತ್ರ ಮೇಸ್ತ್ರಿ ಮಣ್ಣು ತುಂಬಿ ಅದರ ಮೇಲೆ ಬೀಮ್ ಹಾಕಿರುತ್ತಾನೆ, ಆಮೇಲೆ ಕೆದರಿ ತೆಗೆಯಲು ಮರೆಯುತ್ತಾನೆ. "ಬಗ್ಗಿ ಕೈ ಹಾಕಿ ನೋಡು" ಎಂದಿದ್ದರು. ಈಗಲೂ ಪ್ರತಿ ಬೀಮಿನ ಅಡಿ ಕೈ ಹಾಕಿಯೇ ನೋಡುತ್ತೇನೆ.

ಸದಸ್ಯತ್ವಕ್ಕೆ ದುಡ್ಡು ಕಟ್ಟಿ ಸುಮ್ನೆ ಮನೆಯಲ್ಲಿ ಕೂತರೆ ಇದೆಲ್ಲ ಸಿಗುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟು: ಮೊದಲು ನಿಮ್ಮೂರಿನಲ್ಲಿರುವ ಸಂಸ್ಥೆಯ ಸೆಂಟರಿನ ಒಂದೆರಡು ಉಪನ್ಯಾಸಗಳಿಗೆ ಹೋಗಿ ಕೂರಿ. ನಮ್ಮಲ್ಲಿ ಸದಸ್ಯರಲ್ಲದವರನ್ನೂ ಬಿಡುತ್ತಾರೆ. ಚಹಾ ಹೊತ್ತಿಗೆ ಎದ್ದು ಬರಬೇಡಿ. ನಿಮ್ಮ ಸೈಟಿನ ಫೋಟೊ ಜೊತೆಗಿರಲಿ.