ಆಯಿಯ ಬಿಲ್ಲು, ಅತ್ತೆಯ ಬಿಲ್ಲು: ವರ್ಜಿಸುವ ವಿಧಾನದಲ್ಲಿ ಸಮೀಕರಣ ಬಿಡಿಸೋದು

ಮೇ ತಿಂಗಳಲ್ಲಿ ಅಂಕೋಲಾ ಕಡೆಯಿಂದ ಬರುವಾಗ ಆಯಿ 3 ಡಜನ್ ಕರಿ ಇಶಾಡು ಮಾವು, 2 ಗೊಂಚಲು ಕುಮಟಾ ಸಿಹಿ ನೀರುಳ್ಳಿ ತಂದಳು. ಒಟ್ಟು 760 ರೂಪಾಯಿ. ಅತ್ತೆ ಅದೇ ದರದಲ್ಲಿ 2 ಡಜನ್ ಮಾವು, 3 ಗೊಂಚಲು ನೀರುಳ್ಳಿ ತಂದರು, 640 ಆಯ್ತು. ಯಾವುದಕ್ಕೆ ಎಷ್ಟು ಕೊಟ್ಟಿದ್ದು ಅಂತ ಇಬ್ಬರಿಗೂ ನೆನಪಿಲ್ಲ. (ದರ ನಾನು ಲೆಕ್ಕಕ್ಕೆ ಸುಮ್ನೆ ಹಾಕಿದ್ದು, ಇದನ್ನಿಟ್ಟುಕೊಂಡು ಚೌಕಾಸಿಗೆ ಹೋಗಬೇಡಿ.)

ಪುಸ್ತಕದ ಎಕ್ಸ್, ವೈ ಬದಲು ಒಂದು ಡಜನ್ ಮಾವಿಗೆ ಮ, ಒಂದು ಗೊಂಚಲು ನೀರುಳ್ಳಿಗೆ ನ ಅಂತ ಇಟ್ಟುಕೊಳ್ಳೋಣ.

3ಮ + 2ನ = 760
2ಮ + 3ನ = 640

ವರ್ಜಿಸೋದು ಅಂದರೆ ಎರಡು ಅಕ್ಷರಗಳಲ್ಲಿ ಒಂದನ್ನು ಹಾರಿಸಿಬಿಡೋದು. ಎರಡರಲ್ಲೂ ಮಾವು ಒಂದೇ ಸಮ ಇದ್ದಿದ್ದರೆ ಸಲೀಸಾಗಿತ್ತು, ಅಲ್ವಾ? ಹಾಗಾದರೆ ಸಮ ಮಾಡಿಬಿಡಿ. ಆಯಿ ಎಲ್ಲವನ್ನೂ ಎರಡು ಪಟ್ಟು ತಂದಿದ್ದರೆ ಬಿಲ್ಲೂ ಎರಡು ಪಟ್ಟು. ಅತ್ತೆಯದು ಮೂರು ಪಟ್ಟು.

6ಮ + 4ನ = 1520
6ಮ + 9ನ = 1920

ಈಗ ಮಾವು ಇಬ್ಬರದ್ದೂ 6 ಡಜನ್. ಆದರೂ ಅತ್ತೆಯ ಬಿಲ್ಲು 400 ಜಾಸ್ತಿ ಬಂದಿದ್ದು ಹೆಚ್ಚಿಗೆ ತಂದ 5 ಗೊಂಚಲು ನೀರುಳ್ಳಿಗೇ. ಅಂದರೆ 5ನ = 400, ನ = 80. ಇದನ್ನು ಮೊದಲ ಸಮೀಕರಣಕ್ಕೆ ಹಾಕಿದರೆ 3ಮ = 600, ಮ = 200. ತಾಳೆಯನ್ನು ಮಾತ್ರ ಎರಡನೇ ಸಮೀಕರಣದಲ್ಲೇ ನೋಡಿ: 400 + 240 = 640. ಸರಿ ಇದೆ.

ಗುಣಿಸುವಾಗ ಬಲಗಡೆಯ ಸಂಖ್ಯೆ ಮರೆಯೋದು ಒಂದು ಮಾಮೂಲಿ ತಪ್ಪು. ಅದಕ್ಕಿಂತ ಕಾಡೋದು ಕಳೆಯುವಾಗಿನ ಚಿಹ್ನೆ. ನಾನೂ ಎಸ್ಸೆಸ್ಸೆಲ್ಸಿಯಲ್ಲಿ ಇದಕ್ಕೇ ಅಂಕ ಕಳೆದುಕೊಂಡವನು. ಮಾವಿನ ಲೆಕ್ಕ ಬಿಟ್ಟು ಬೇರೊಂದು ಜೋಡಿ ನೋಡಿ.

5ಮ − 3ನ = 11
5ಮ + 4ನ = 32

ಮೇಲಿಂದ ಕೆಳಗಿನದನ್ನು ಕಳೆದರೆ −3ನ − 4ನ, ಅಂದರೆ −7ನ = −21, ನ = 3, ಮ = 4. ಅವಸರದಲ್ಲಿ −3ನ + 4ನ ಅಂತ ಮಾಡಿದರೆ ನ = −21 ಬಂದು ಕೂರುತ್ತದೆ. ನಾನು ಈಗ ಕಳೆಯೋದನ್ನೇ ಬಿಟ್ಟಿದ್ದೇನೆ. ಕೆಳಗಿನ ಸಾಲನ್ನು −5ಮ − 4ನ = −32 ಅಂತ ಪೂರ್ತಿ ಚಿಹ್ನೆ ಬದಲಿಸಿ ಮತ್ತೆ ಬರೆದು, ಆಮೇಲೆ ಕೂಡಿಸುತ್ತೇನೆ. ಒಂದು ಸಾಲು ಜಾಸ್ತಿ ಆಗುತ್ತೆ, ಆಗಲಿ. ಹಾಗೇ ಒಂದರಲ್ಲಿ +3ನ, ಇನ್ನೊಂದರಲ್ಲಿ −3ನ ಇದ್ದರೆ ಏನನ್ನೂ ಬದಲಿಸದೆ ನೇರ ಕೂಡಿಸಿ.

ನಮ್ಮ ಮಾವಿನ ಲೆಕ್ಕಕ್ಕೆ ಒಂದು ಒಳದಾರಿಯೂ ಇದೆ. ಸಹಗುಣಕ (ಅಕ್ಷರಕ್ಕೆ ಅಂಟಿಕೊಂಡ ಸಂಖ್ಯೆ) 3, 2 ಇದ್ದದ್ದು ಕೆಳಗೆ 2, 3 ಆಗಿ ಅದಲುಬದಲಾಗಿದೆ ನೋಡಿ. ಕೂಡಿಸಿದರೆ 5ಮ + 5ನ = 1400, ಅಂದರೆ ಮ + ನ = 280. ಕಳೆದರೆ ಮ − ನ = 120. ಇವೆರಡನ್ನು ಕೂಡಿಸಿ, 2ಮ = 400. ದೊಡ್ಡ ಗುಣಾಕಾರದ ಗೊಡವೆಯೇ ಇಲ್ಲ.

ಕೆಲವೊಮ್ಮೆ ಎರಡೂ ಅಕ್ಷರ ಒಟ್ಟಿಗೇ ಮಾಯವಾಗುತ್ತವೆ. ಗಾಬರಿ ಬೇಡ. ಅತ್ತೆಯ 2ಮ + 3ನ = 640 ಜೊತೆಗೆ ಪಕ್ಕದ ಮನೆಯವರ 4ಮ + 6ನ = 1280 ಕೊಟ್ಟರೆ ಕೊನೆಗೆ ಉಳಿಯೋದು 0 = 0. ಅದು ಅತ್ತೆಯ ಬಿಲ್ಲೇ, ದುಪ್ಪಟ್ಟು ಅಷ್ಟೇ. ಹೊಸ ಸುದ್ದಿ ಏನೂ ಇಲ್ಲ, ಪರಿಹಾರ ಲೆಕ್ಕವಿಲ್ಲದಷ್ಟು. ಅದೇ 1300 ಅಂತಿದ್ದರೆ 0 = 20 ಬರುತ್ತದೆ, ಆಗ ಪರಿಹಾರವೇ ಇಲ್ಲ. ಪಕ್ಕದ ಮನೆಯವರ ಹತ್ತಿರ ಯಾರೋ 20 ರೂಪಾಯಿ ಜಾಸ್ತಿ ತೆಗೆದುಕೊಂಡಿದ್ದಾರೆ!